ಭಾರದ ಚಿತ್ರ ಕಲಿಯಲು ಹೋದ ಒಂಬತ್ತು ದಿನ

ಕಲ್ಯಾಣ

ಪರದೇಶಕ್ಕೆ ಹೋಗಿ ಬಂದವರು ಮೊದಲು ವಿಮಾನದ ಕಿಟಕಿಯ ಮಾತು ತೆಗೆಯುತ್ತಾರೆ. ನನ್ನ ಪರದೇಶಕ್ಕೆ ವಿಮಾನವೂ ಬೇಕಿರಲಿಲ್ಲ, ಪಾಸ್‌ಪೋರ್ಟೂ ಬೇಕಿರಲಿಲ್ಲ. ಧಾರವಾಡದಲ್ಲಿ ರೈಲು ಹತ್ತಿ ಮಲಗಿದರೆ ಎಚ್ಚರವಾಗುವ ಹೊತ್ತಿಗೆ ಪುಣೆಯ ಆಚೆಗಿನ ಕಲ್ಯಾಣ ಹತ್ತಿರ ಬಂದಿರುತ್ತದೆ. ಆದರೂ ನಾನು ಅದನ್ನು ಪರದೇಶವೆಂದೇ ಕರೆಯುತ್ತೇನೆ. ಅಲ್ಲಿದ್ದ ಒಂಬತ್ತು ದಿನಗಳಲ್ಲಿ ಎಷ್ಟೋ ಹೊತ್ತು ನನ್ನ ದನಿ ನನಗೇ ಕೇಳಿಸದೆ ಕಳೆದುಹೋಯಿತು.

ಹೋದದ್ದು ಊರು ನೋಡಲು ಅಲ್ಲ, ದಪ್ಪ ಮನುಷ್ಯರನ್ನು ನೋಡಲು. ಹೀಗೆ ಬರೆದರೆ ಒರಟಾಗಿ ಕೇಳಿಸುತ್ತದೆ, ಆದರೆ ಇದ್ದದ್ದು ಅದೇ. ಇಪ್ಪತ್ತೆರಡು ವರ್ಷಗಳಿಂದ ನಾನು ಪಠ್ಯಪುಸ್ತಕಗಳಿಗೂ ವಾರಪತ್ರಿಕೆಗಳಿಗೂ ಚಿತ್ರ ಬಿಡಿಸುತ್ತಿದ್ದೇನೆ. ಅಷ್ಟೂ ವರ್ಷ ನನ್ನ ಚಿತ್ರಗಳಲ್ಲಿ ದಪ್ಪ ಜನರೆಂದರೆ ಮೂರೇ ಮಂದಿ: ಬಡ್ಡಿ ಸಾಹುಕಾರ, ಲಂಚ ತಿನ್ನುವ ಹವಾಲ್ದಾರ, ಲಾಡು ಕದಿಯುವ ಹುಡುಗ. ಮೂವರಿಗೂ ಒಂದೇ ಮೈ. ಒಂದು ಗಡಿಗೆ, ಅದರ ಮೇಲೊಂದು ಚೆಂಡು, ಕೆಳಗೆ ಎರಡು ಕಡ್ಡಿ. ಓದುವವರು ನಗುತ್ತಿದ್ದರು, ನನಗೆ ಮುಂದಿನ ಕೆಲಸ ಬರುತ್ತಿತ್ತು.

ಹೀಗಿರುವಾಗ ಬೆಂಗಳೂರಿನ ಒಬ್ಬ ಪ್ರಕಾಶಕರು ಮಕ್ಕಳ ಪುಸ್ತಕವೊಂದನ್ನು ಒಪ್ಪಿಸಿದರು. ಹನ್ನೆರಡು ವರ್ಷದ ದಪ್ಪ ಹುಡುಗಿಯ ಕಥೆ. ಶಾಲೆಯ ಹಗ್ಗಜಗ್ಗಾಟದ ತಂಡದಲ್ಲಿ ಎಲ್ಲರ ಹಿಂದೆ ನಿಂತು ಹಗ್ಗವನ್ನು ಮೈಗೆ ಸುತ್ತಿಕೊಂಡು ತಂಡವನ್ನು ಹಿಡಿದು ನಿಲ್ಲಿಸುವವಳು ಅವಳು. ಮುಖಪುಟದ ಮೇಲೆ ನನ್ನ ಹೆಸರು ಹಾಕುತ್ತೇವೆ ಎಂದರು. ಇಪ್ಪತ್ತೆರಡು ವರ್ಷದಲ್ಲಿ ಯಾರೂ ಆ ಮಾತು ಆಡಿರಲಿಲ್ಲ. ಮೂರು ಸಲ ಚಿತ್ರ ಕಳಿಸಿದೆ, ಮೂರು ಸಲವೂ ವಾಪಸು ಬಂತು. ಕೊನೆಗೆ ಸಂಪಾದಕಿ ಫೋನು ಮಾಡಿದಳು.

"ಮೇಡಂ, ಈ ಹುಡುಗಿ ಎಳೀತಾ ಇಲ್ಲ, ತೇಲ್ತಾ ಇದಾಳೆ. ಮೈಯಲ್ಲಿ ತೂಕಾನೇ ಇಲ್ಲ. ಹದಿನೈದು ದಿನ ನೋಡ್ತೀನಿ. ಆಗ್ಲಿಲ್ಲ ಅಂದ್ರೆ ಬೇರೆಯವ್ರಿಗೆ ಕೊಡ್ಬೇಕಾಗತ್ತೆ, ಬೇಜಾರು ಮಾಡ್ಕೋಬೇಡಿ."

ಬೇಜಾರು ಮಾಡಿಕೊಂಡೆ. ನೋಡಿ ಬಿಡಿಸಲು ಫೋನಿನಲ್ಲಿ ಫೋಟೋ ಹುಡುಕಿದರೆ ಸಿಕ್ಕಿದ್ದೆಲ್ಲ ತೂಕ ಇಳಿಸುವ ಜಾಹೀರಾತು. ಎಡಗಡೆ ಅಳುಮೋರೆಯ ದಪ್ಪ ಹೆಂಗಸು, ಬಲಗಡೆ ನಗುವ ತೆಳ್ಳನೆಯ ಹೆಂಗಸು. ಆಗ ನನ್ನ ಕಾಲೇಜಿನ ಗೆಳತಿ, ಠಾಕುರ್ಲಿಯಲ್ಲಿರುವವಳು, ಒಂದು ದಾರಿ ತೋರಿಸಿದಳು. ಡೊಂಬಿವಲಿಯಲ್ಲಿ ಪ್ರತಿ ರವಿವಾರ ಕೆಲವರು ಸೇರಿ ಎದುರಿಗೆ ಮನುಷ್ಯರನ್ನು ಕೂರಿಸಿಕೊಂಡು ಚಿತ್ರ ಬಿಡಿಸುತ್ತಾರಂತೆ. ಅವಳು ಮಗಳ ಬಾಣಂತನಕ್ಕೆ ಪುಣೆಗೆ ಹೋಗುವವಳಿದ್ದಳು. ಮನೆ ಖಾಲಿ ಇರುತ್ತದೆ, ಇದ್ದುಕೊ ಎಂದಳು.

ಕಲ್ಯಾಣದ ಸೇತುವೆಯ ಮೇಲೆ ನಿಂತು ಜನ ನಡೆಯುವುದನ್ನು ಸ್ವಲ್ಪ ನೋಡೋಣ ಎಂದುಕೊಂಡೆ. ಅಲ್ಲಿ ನಿಲ್ಲುವ ಪದ್ಧತಿ ಇಲ್ಲ. ಹಿಂದಿನಿಂದ ಬಂದ ಗುಂಪು ನನ್ನನ್ನೂ ನನ್ನ ಚೀಲವನ್ನೂ ಎತ್ತಿಕೊಂಡಂತೆ ಸಾಗಿಸಿ ನನಗೆ ಸಂಬಂಧವೇ ಇಲ್ಲದ ಪ್ಲಾಟ್‌ಫಾರ್ಮಿಗೆ ಇಳಿಸಿತು. ಯಾರೂ ಬೈಯಲಿಲ್ಲ, ಯಾರೂ ಮುಖ ನೋಡಲಿಲ್ಲ. ಮತ್ತೆ ಮೆಟ್ಟಿಲು ಹತ್ತಿ ಠಾಕುರ್ಲಿಯ ಗಾಡಿ ಹಿಡಿಯುವಷ್ಟರಲ್ಲಿ ಅರ್ಧ ಗಂಟೆ ಹೋಯಿತು.

ಠಾಕುರ್ಲಿ

ಗೆಳತಿಯ ಸೊಸೈಟಿಯ, ಅಂದರೆ ಅಪಾರ್ಟ್‌ಮೆಂಟಿನ, ಗೇಟಿನಲ್ಲಿ ಒಂದು ರಿಜಿಸ್ಟರ್ ಇದೆ. ಯಾರನ್ನು ಕಾಣಲು ಬಂದಿರಿ ಎಂಬ ಕಾಲಂ ತುಂಬದೆ ಒಳಗೆ ಬಿಡುವುದಿಲ್ಲ. ಗೆಳತಿ ಊರಲ್ಲಿಲ್ಲ, ಮನೆಯಲ್ಲಿ ಯಾರೂ ಇಲ್ಲ. "ಕಿಸೀಕೋ ನಹೀ", ಯಾರನ್ನೂ ಅಲ್ಲ, ಎಂದೆ. ಕಾವಲುಗಾರ ಪೆನ್ನು ಹಿಡಿದು ನನ್ನನ್ನೇ ನೋಡುತ್ತ ಕೂತ. ಕೊನೆಗೆ ನಾನು ನನ್ನದೇ ಹೆಸರು ಬರೆದೆ. ನನ್ನನ್ನು ಕಾಣಲು ನಾನೇ ಬಂದಿದ್ದೇನೆ ಎಂದು ದಾಖಲೆಯಾಯಿತು. ಅವನಿಗೆ ಸಮಾಧಾನವಾಯಿತು, ನನಗೆ ನಗು ಬಂತು. ಲಿಫ್ಟಿನಲ್ಲಿ ಒಬ್ಬಳೇ ಹೋಗುವಾಗ ಆ ನಗು ನಿಂತುಹೋಯಿತು.

ಧಾರವಾಡದ ನಮ್ಮ ಓಣಿಯಲ್ಲಿ ಹೊಸ ಮುಖ ಕಂಡರೆ ನಾಲ್ಕು ಮನೆಯವರು ಹೊರಗೆ ಬರುತ್ತಾರೆ. ಯಾರ ಪೈಕಿ, ಊಟ ಆಯಿತೇ, ಎಷ್ಟು ದಿನ ಇರುತ್ತೀರಿ ಎಂದು ಕೇಳಿ ಬೇಸರ ತರಿಸುತ್ತಾರೆ. ಇಲ್ಲಿ ಪಕ್ಕದ ಮನೆಯಾಕೆ ಬಾಗಿಲನ್ನು ಒಂದು ಗೇಣು ತೆರೆದು ಕೀಲಿಕೈ ಕೊಟ್ಟು, ನೀರು ಬರುವ ಹೊತ್ತು ಹೇಳಿ, ಮುಗುಳ್ನಕ್ಕು ಬಾಗಿಲು ಹಾಕಿಕೊಂಡಳು. ಒಳ್ಳೆಯ ಹೆಂಗಸೇ. ಆದರೆ ಮುಂದಿನ ಎಂಟು ದಿನ ಅವಳ ಮುಖ ನಾನು ಮತ್ತೆ ನೋಡಲಿಲ್ಲ. ನಮ್ಮ ಓಣಿಯವರ ಮೇಲೆ ನಾನು ಎಷ್ಟು ಗೊಣಗಿದ್ದೆನೋ ಅಷ್ಟೂ ಆ ಸಂಜೆ ನೆನಪಾಯಿತು.

ಡೊಂಬಿವಲಿ, ಮೊದಲ ರವಿವಾರ

ಚಿತ್ರದವರು ಸೇರುವುದು ಒಂದು ಸೊಸೈಟಿಯ ನೆಲಮಾಳಿಗೆಯಂಥ ಹಾಲಿನಲ್ಲಿ. ಮೂಲೆಯಲ್ಲಿ ಗಣಪತಿ ಮಂಟಪದ ಬಿದಿರು, ಹರಿದ ಶಾಮಿಯಾನ, ಪ್ಲಾಸ್ಟಿಕ್ ಕುರ್ಚಿಗಳ ಅಟ್ಟಿ. ನಡೆಸುವವರು ಸಾಠೆ ಸರ್, ಶಾಲೆಯಲ್ಲಿ ಡ್ರಾಯಿಂಗ್ ಕಲಿಸಿ ನಿವೃತ್ತರಾದವರು. ಬೆಳಗಾವಿಯಲ್ಲಿ ಬೆಳೆದವರಾದ್ದರಿಂದ ಕನ್ನಡ ಬರುತ್ತದೆ, ಹೆಂಗಸರನ್ನು ಬಾಯಿ ಎಂದು ಕರೆಯುವುದು ಮಾತ್ರ ಮರಾಠಿಯಂತೆ. ಉಳಿದವರು ಬ್ಯಾಂಕು ಬಿಟ್ಟ ಒಬ್ಬ ಹಿರಿಯರು, ಹಲ್ಲಿನ ಡಾಕ್ಟರು, ಇಬ್ಬರು ಕಾಲೇಜು ಹುಡುಗಿಯರು. ಮತ್ತೆ ವಸಂತಕ್ಕ.

ಈ ಗುಂಪಿಗೆ ಒಂದೇ ಕಟ್ಟಳೆ. ಹೊರಗಿನಿಂದ ಮಾಡೆಲ್ ಕರೆಸುವುದಿಲ್ಲ. ಇನ್ನೊಬ್ಬರ ಚಿತ್ರ ಬಿಡಿಸಬೇಕೆಂದರೆ ತಾನೂ ಒಂದು ದಿನ ಎಲ್ಲರ ಎದುರು ಕೂರಬೇಕು. ಗೋಡೆಗೆ ಪಾಳಿಯ ಚೀಟಿ ಅಂಟಿಸಿದ್ದಾರೆ. ಮುಗಿದ ಮೇಲೆ ಎಲ್ಲರೂ ಬಿಡಿಸಿದ್ದನ್ನು ಕೂತವರಿಗೆ ತೋರಿಸಲೇಬೇಕು. ಸಾಠೆ ಸರ್ ನನ್ನ ಹೆಸರನ್ನು ಮುಂದಿನ ರವಿವಾರಕ್ಕೆ ಬರೆದುಕೊಂಡರು. ಅಂದಿನ ಪಾಳಿ ವಸಂತಕ್ಕನದು.

ವಸಂತಕ್ಕ ಕಾರ್ಕಳದ ಕಡೆಯವರು, ಕೋಪರಖೈರಣೆಯ ಒಂದು ಆಫೀಸಿನಲ್ಲಿ ಹದಿನೆಂಟು ವರ್ಷದಿಂದ ಗುಮಾಸ್ತಿಕೆ. ಐವತ್ತರ ಆಸುಪಾಸು. ದಪ್ಪ ಎಂದರೆ ನಿಜವಾಗಿಯೂ ದಪ್ಪ. ಪಾಳಿ ಬಂದಾಗ ಅವರು ಅಟ್ಟಿಯಿಂದ ಒಂದು ಕುರ್ಚಿ ತೆಗೆದರು. ಅದರೊಳಗೆ ಇನ್ನೊಂದನ್ನು ಕೂರಿಸಿ, ಕೈಯಿಂದ ಒತ್ತಿ ನೋಡಿ, ಆಮೇಲೆ ಕೂತರು. ಅವರಿಗೆ ಅದು ಕನ್ನಡಕ ಹಾಕಿಕೊಂಡಷ್ಟು ಸಹಜವಾಗಿತ್ತು.

ನಾನು ಎಂದಿನಂತೆ ತಲೆಯಿಂದ ಗೆರೆ ಶುರು ಮಾಡಿದೆ. ಸಾಠೆ ಸರ್ ಹಿಂದೆ ಬಂದು ನಿಂತರು.

"ಅಹೋ ಬಾಯಿ, ಗೆರಿ ಆಮ್ಯಾಲ. ಮದಲ ವಜನ ಎಲ್ಲಿ ಕುಂತೈತಿ ನೋಡ್ರಿ. ತಲಿ ಎಲ್ಲೀಗೂ ಓಡಿ ಹೋಗಂಗಿಲ್ಲ."

ನೋಡುತ್ತ ಹೋದ ಹಾಗೆ ನನ್ನ ಗಡಿಗೆಯ ಲೆಕ್ಕ ಎಷ್ಟು ಸುಳ್ಳೆಂದು ತಿಳಿಯಿತು. ದಪ್ಪ ಮೈ ಎಲ್ಲ ಕಡೆ ಸಮನಾಗಿ ಉಬ್ಬಿರುವುದಿಲ್ಲ. ಅದು ಕೆಳಗೆ ಇಳಿಯುತ್ತದೆ, ಸಿಕ್ಕಿದ್ದರ ಮೇಲೆ ಒರಗುತ್ತದೆ. ಕೂತಾಗ ಹೊಟ್ಟೆ ತೊಡೆಯ ಮೇಲೆ ವಿಶ್ರಮಿಸುತ್ತದೆ, ತೊಡೆ ಕುರ್ಚಿಯ ಮೇಲೆ ಹರಡಿ ಚಪ್ಪಟೆಯಾಗುತ್ತದೆ. ತೋಳು ಪಕ್ಕೆಗೆ ಅಂಟುವುದಿಲ್ಲ, ಸ್ವಲ್ಪ ದೂರ ನಿಲ್ಲುತ್ತದೆ. ಆದರೆ ಮಣಿಕಟ್ಟಿನಲ್ಲಿ, ಹಿಮ್ಮಡಿಯ ಗಂಟಿನಲ್ಲಿ, ಕೊರಳಿನ ಎಲುಬಿನಲ್ಲಿ ಒಳಗಿನ ಗಟ್ಟಿ ಮನುಷ್ಯ ಕಾಣಿಸುತ್ತಾನೆ. ಸೀರೆ ಕೂಡ ಎತ್ತರದ ಜಾಗದಿಂದ ನೇರ ಕೆಳಗೆ ಬೀಳುತ್ತದೆ, ಮೈಯ ಸುತ್ತ ಅಂಟಿಕೊಳ್ಳುವುದಿಲ್ಲ. ಇಷ್ಟು ವರ್ಷ ನಾನು ಒಬ್ಬರನ್ನಾದರೂ ಸರಿಯಾಗಿ ನೋಡಿದ್ದೆನೇ ಎಂದು ನಾಚಿಕೆಯಾಯಿತು.

ಬಿಡಿಸಿದೆ. ಚೆನ್ನಾಗಿ ಬಂತೆಂದೇ ಅನಿಸಿತು. ಹಾಳೆಗಳನ್ನು ನೆಲದ ಮೇಲೆ ಸಾಲಾಗಿ ಇಟ್ಟಾಗ ವಸಂತಕ್ಕ ನನ್ನದರ ಎದುರು ನಿಂತು ಸೊಂಟದ ಮೇಲೆ ಕೈ ಇಟ್ಟರು.

"ಇದು ನಾನಲ್ಲ ಮಾರಾಯ್ರೆ, ಇದು ನನ್ನ ತಂಗಿ. ಅವಳು ಊರಲ್ಲಿರುವುದು."

ಎಲ್ಲರೂ ನಕ್ಕರು, ನಾನೂ ನಕ್ಕೆ. ಅವರು ಮಾತ್ರ ಬಗ್ಗಿ ಹಾಳೆಯ ಕೆಳಭಾಗಕ್ಕೆ ಬೆರಳು ತೋರಿಸಿದರು.

"ನಾನು ಕೂತದ್ದು ಎರಡು ಕುರ್ಚಿಯಲ್ಲಿ. ಇಲ್ಲಿ ಒಂದೇ ಉಂಟು. ಇನ್ನೊಂದನ್ನು ಯಾರು ತೆಗೆದದ್ದು?"

ಹೌದು, ಒಂದೇ ಇತ್ತು. ಎರಡನ್ನು ಕಣ್ಣಾರೆ ಕಂಡಿದ್ದೆ, ಕೈ ಒಂದನ್ನೇ ಬಿಡಿಸಿತ್ತು. ಅದರ ಜೊತೆಗೆ ಅವರ ಮೈಯಿಂದಲೂ ನಾಲ್ಕಾರು ಸೇರು ಇಳಿಸಿಬಿಟ್ಟಿತ್ತು. ಹಾಸ್ಯದ ಚಿತ್ರಕ್ಕೆ ತೂಕ ಸೇರಿಸುವ ಅದೇ ಕೈ, ಎದುರಿಗೆ ಮರ್ಯಾದಸ್ಥ ಹೆಂಗಸು ಕೂತರೆ ಸದ್ದಿಲ್ಲದೆ ಕಳೆಯುತ್ತದೆ.

"ತಪ್ಪು ತಿಳ್ಕೋಬ್ಯಾಡ್ರಿ ಅಕ್ಕಾರ. ಬೇಕಂತ ಮಾಡಿಲ್ರಿ" ಎಂದೆ.

"ಅದು ಗೊತ್ತು. ಪಾಪ ಅಂತ ಕಂಡಿತಲ್ಲ ನಿಮಗೆ?" ಎಂದು ಅವರು ಮೆಲ್ಲಗೆ ಕೇಳಿದರು. ಸಾಠೆ ಸರ್ ಚಹ ಬಂತೆಂದು ಕೂಗಿದರು.

ಖಾರಘರ

ಮಂಗಳವಾರ ಖಾರಘರಕ್ಕೆ ಹೋದೆ. ಗುಡ್ಡದ ಬುಡದಲ್ಲಿ ಎತ್ತರದ ಕಟ್ಟಡಗಳು, ಅಗಲವಾದ ರಸ್ತೆ, ಕೂರಲು ಬೆಂಚು. ಹೊಸ ಊರು, ಎಲ್ಲರೂ ಬೇರೆಲ್ಲಿಂದಲೋ ಬಂದವರು. ಬೆಂಚಿನ ಮೇಲೆ ಸ್ಕೆಚ್ ಪುಸ್ತಕ ತೆರೆದು ಕೂತೆ. ಎದುರಿನ ಬೆಂಚಿನಲ್ಲಿ ದಪ್ಪನೆಯ ತರುಣನೊಬ್ಬ ಕೊರಳಿಗೆ ಆಫೀಸಿನ ಕಾರ್ಡು ಹಾಕಿಕೊಂಡು ವಡಾಪಾವ್ ತಿನ್ನುತ್ತಿದ್ದ. ಬಗ್ಗಿ ತಿನ್ನುವಾಗ ಅವನ ಬೆನ್ನು ಎಲ್ಲಿಂದ ತಿರುಗುತ್ತದೆ ಎಂದು ನೋಡುತ್ತ ನಾನು ಗೆರೆ ಹಾಕುತ್ತಿದ್ದೆ.

ಅವನು ತಲೆ ಎತ್ತಿ ನನ್ನನ್ನು ನೋಡಿದ. ಬಾಯಿಯ ಹತ್ತಿರ ಹೋಗಿದ್ದ ಕೈ ಕೆಳಗೆ ಬಂತು. ಉಳಿದ ಅರ್ಧ ವಡಾಪಾವನ್ನು ಕಾಗದದಲ್ಲಿ ಸುತ್ತಿ ಚೀಲದೊಳಗೆ ಇಟ್ಟ. ಹಸಿವು ಇನ್ನೂ ಅವನ ಮುಖದ ಮೇಲಿತ್ತು.

ಎದ್ದು ಬಂದವನು ನನ್ನ ಕೈಚೀಲದ ಮೇಲಿನ ಕನ್ನಡ ಅಕ್ಷರ ನೋಡಿ ಮೆತ್ತಗಾದ. "ಕನ್ನಡದವ್ರಾ? ನಾನು ಮೈಸೂರು. ಏನ್ ಮೇಡಂ, ರೀಲ್ಸ್ ಮಾಡ್ತಿದ್ರಾ?"

"ಇಲ್ಲಪ್ಪಾ, ಚಿತ್ರ ತಗಿಯಾಕತ್ತಿದ್ದೆ" ಎಂದು ಪುಸ್ತಕ ತೋರಿಸಿದೆ.

ಅವನು ಬಹಳ ಹೊತ್ತು ನೋಡಿದ. "ಚೆನ್ನಾಗಿದೆ. ನಾನು ತಿನ್ನೋವಾಗ ಯಾರಾದ್ರೂ ಫೋನ್ ಎತ್ತಿದ್ರೆ ನಂಗೆ ಹಾಗೇ ಅನ್ಸತ್ತೆ. ಒಂದ್ಸಲ ಆಫೀಸಿನ ಗ್ರೂಪಲ್ಲಿ ಹಾಕಿದ್ರು. ಮುಖ ಹಾಕ್ಬೇಡಿ ಮೇಡಂ, ಪ್ಲೀಸ್."

ಹಾಕುವುದಿಲ್ಲ ಎಂದೆ. ಅದನ್ನು ತಿಂದು ಮುಗಿಸಪ್ಪ ಎಂದೆ. ಆಮೇಲೆ ತಿನ್ನುತ್ತೇನೆ ಎಂದು ಹೇಳಿ ಅವನು ಹೋದ. ನಾನು ಹಾಗೇ ಕೂತಿದ್ದೆ. ಇಡೀ ದಿನದಲ್ಲಿ ನನ್ನೊಡನೆ ಮಾತಾಡಿದ ಒಬ್ಬನೇ ಮನುಷ್ಯನ ಊಟ ಕೆಡಿಸಿದ್ದೆ.

ಥಾಣೆಯಿಂದ ಕೋಪರಖೈರಣೆಗೆ

ಬುಧವಾರ ಬೆಳಿಗ್ಗೆ, ಗಾಡಿಯ ಜನರನ್ನು ನೋಡಿ ಬಿಡಿಸೋಣವೆಂದು ಥಾಣೆಯ ರೈಲು ನಿಲ್ದಾಣದಲ್ಲಿ ವಾಶಿಯ ಕಡೆಯ ಗಾಡಿಗೆ ಕಾಯುತ್ತಿದ್ದಾಗ ವಸಂತಕ್ಕ ಸಿಕ್ಕರು. ತಿಳಿದ ಮುಖ ಕಂಡು ನನಗಾದ ಸಂತೋಷಕ್ಕೆ ಅವರಿಗೇ ಆಶ್ಚರ್ಯವಾಯಿತು. ಲೇಡೀಸ್ ಡಬ್ಬಿ ಕ್ಷಣದಲ್ಲಿ ತುಂಬಿತು. ಮೂವರು ಕೂರುವ ಸೀಟಿನಲ್ಲಿ ನಾಲ್ಕನೆಯವಳು ತುದಿಗೆ ಕೂರುವುದು ಅಲ್ಲಿಯ ವಾಡಿಕೆ. ಮೂವರು ಹೆಂಗಸರು ಸರಿದು ನನಗೆ ಜಾಗ ಮಾಡಿ, "ಬೈಠೋ, ಬೈಠೋ" ಎಂದರು. ಅರ್ಧ ಮೈ ಗಾಳಿಯಲ್ಲಿದ್ದರೂ ಯಾರೋ ಕರೆದು ಕೂರಿಸಿದ್ದು ಹಿತವಾಗಿತ್ತು. ವಸಂತಕ್ಕ ಮೊಣಕಾಲು ನೋವು ಎನ್ನುತ್ತಲೇ ಬಾಗಿಲ ಹತ್ತಿರದ ಕಂಬ ಹಿಡಿದು ನಿಂತರು. ರಬಾಳೆಯಲ್ಲಿ ಎದುರಿನ ಸೀಟು ಖಾಲಿಯಾಯಿತು. ಬರ್ರಿ ಎಂದು ಕರೆದೆ. ಅವರು ತಲೆ ಅಲ್ಲಾಡಿಸಿದರು.

ಕೋಪರಖೈರಣೆಯಲ್ಲಿ ಅವರ ಆಫೀಸಿನ ಹತ್ತಿರ ಚಹ ಕುಡಿಯುವಾಗ ಕೇಳಿದೆ. "ಮೊಣಕಾಲು ನೋವು ಅಂತೀರಿ, ಮತ್ಯಾಕ ಕೂಡ್ಲಿಲ್ರಿ?"

"ನಾನು ಕೂತರೆ ನಾಲ್ಕನೆಯವಳಿಗೆ ಜಾಗ ಇಲ್ಲ. ಕೆಲವು ಸಲ ಮೂರನೆಯವಳಿಗೂ ಇಲ್ಲ" ಎಂದರು. "ಯಾರೂ ಬಯ್ಯುವುದಿಲ್ಲ, ಸುಳ್ಳು ಯಾಕೆ ಹೇಳಬೇಕು? ನೋಡುತ್ತಾರೆ ಅಷ್ಟೇ. ಹದಿನೆಂಟು ವರ್ಷದಿಂದ ನಿಂತೇ ಬರುವುದು. ಈಗ ಅಭ್ಯಾಸ ಆಗಿದೆ."

"ಮತ್ತ ಆ ಹಾಲ್‌ನಾಗ ಅಷ್ಟು ಮಂದಿ ಮುಂದ ಹ್ಯಾಂಗ ಕೂಡ್ತೀರಿ?"

"ಅಲ್ಲಿ ನೋಡುವುದಕ್ಕೇ ನೋಡುತ್ತಾರೆ. ಕದ್ದು ನೋಡುವುದಿಲ್ಲ. ಇಪ್ಪತ್ತು ನಿಮಿಷ ನೋಡಿ, ನೋಡಿದ್ದನ್ನು ತಂದು ತೋರಿಸುತ್ತಾರೆ. ನನಗೆ ಅದು ಬೇಕು ಮಾರಾಯ್ತಿ." ನೀವು ಎನ್ನುತ್ತಿದ್ದವರು ಅಂದು ಮೊದಲ ಸಲ ಮಾರಾಯ್ತಿ ಎಂದರು. ಆ ದಿನವೆಲ್ಲ ನಾನು ಆ ಒಂದು ಶಬ್ದವನ್ನು ಇಟ್ಟುಕೊಂಡು ತಿರುಗಿದೆ.

ಇಷ್ಟು ಕೇಳಿದವಳು ಮರುದಿನ ಮಾಡಿದ್ದನ್ನು ಈಗ ಹೇಳಬೇಕು. ಗುರುವಾರ ಅದೇ ಗಾಡಿಯಲ್ಲಿ ನಾನು ಕೂತಿದ್ದೆ. ವಸಂತಕ್ಕ ಅದೇ ಕಂಬಕ್ಕೆ ಬಂದು ನಿಂತರು. ನನ್ನನ್ನು ನೋಡಲಿಲ್ಲ. ಯಾರೂ ನೋಡುತ್ತಿಲ್ಲವೆಂಬ ಧೈರ್ಯದಲ್ಲಿ ಅವರ ಮೈ ಸಡಿಲವಾಯಿತು. ತೂಕವೆಲ್ಲ ಒಂದು ಕಾಲಿಗೆ ಇಳಿಯಿತು. ಸೊಂಟ ಒಂದು ಬದಿಗೆ ಜರುಗಿತು, ಅದನ್ನು ಸರಿದೂಗಿಸಲು ಭುಜ ಇನ್ನೊಂದು ಬದಿಗೆ ವಾಲಿತು. ಚಪ್ಪಲಿಯ ಪಟ್ಟಿಯ ಸುತ್ತ ಪಾದ ಊದಿಕೊಂಡಿತ್ತು. ಕಣ್ಣು ಮುಚ್ಚಿತ್ತು, ಬಾಯಿ ಸ್ವಲ್ಪ ತೆರೆದಿತ್ತು. ನಾನು ಹುಡುಕಿಕೊಂಡು ಬಂದ ಭಾರ ಅಲ್ಲಿ ನಿಂತಿತ್ತು.

ಹೆಸರು ಹಿಡಿದು ಕರೆಯಬೇಕಿತ್ತು. ನಾನು ಪೆನ್ಸಿಲ್ ತೆಗೆದೆ. ಘನಸೋಲಿಯವರೆಗೆ ಕೈ ನಿಲ್ಲಲಿಲ್ಲ. ಕೋಪರಖೈರಣೆಯಲ್ಲಿ ಅವರು ಇಳಿದಾಗ ಮುಖ ಮರೆಮಾಡಿಕೊಂಡು ಮುಂದಿನ ಸ್ಟೇಶನ್ನಿಗೆ ಹೋದೆ. ಇಪ್ಪತ್ತೆರಡು ವರ್ಷದಲ್ಲಿ ಅಂಥ ಚಿತ್ರ ನನ್ನಿಂದ ಬಂದಿರಲಿಲ್ಲ. ಠಾಕುರ್ಲಿಗೆ ಬಂದು ಅದೇ ಮೈಗೆ ಹಗ್ಗ ಸುತ್ತಿ ಇನ್ನೊಂದು ಹಾಳೆ ಮಾಡಿ, ಎರಡನ್ನೂ ಸಂಪಾದಕಿಗೆ ಕಳಿಸಿದೆ. ಒಂದು ಗಂಟೆಯಲ್ಲಿ ಉತ್ತರ ಬಂತು. "ಇದೇ ಮೇಡಂ! ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ರಿ?"

ಗೆದ್ದೆ ಎಂದು ಕೂಗಬೇಕೆನಿಸಿತು. ಆ ಮನೆಯಲ್ಲಿ ಕೇಳುವವರು ಯಾರೂ ಇರಲಿಲ್ಲ. ಗೆಳತಿಗೆ ಫೋನು ಮಾಡಿದರೆ ಕೂಸು ಅಳುತ್ತಿದೆ, ಆಮೇಲೆ ಮಾಡುತ್ತೇನೆ ಎಂದಳು. ಆಮೇಲೆ ಮಾಡಲಿಲ್ಲ.

ಡೊಂಬಿವಲಿ, ಶನಿವಾರ

ವಸಂತಕ್ಕ ಶನಿವಾರ ಮಧ್ಯಾಹ್ನ ಊಟಕ್ಕೆ ಕರೆದಿದ್ದರು. ಹೋಗುವಾಗ ಚಿತ್ರವನ್ನೂ ಚೀಲದಲ್ಲಿ ಇಟ್ಟುಕೊಂಡೆ. ತೋರಿಸಬೇಕೆಂಬ ಪ್ರಾಮಾಣಿಕತೆ ಎಂದು ಆಗ ಅಂದುಕೊಂಡಿದ್ದೆ. ಈಗ ಯೋಚಿಸಿದರೆ ಶಾಭಾಸ್ ಎನ್ನಿಸಿಕೊಳ್ಳುವ ಆಸೆಯೇ ಹೆಚ್ಚಿತ್ತು. ಆ ಊರಿನಲ್ಲಿ ನನಗೆ ಶಾಭಾಸ್ ಎನ್ನಬಲ್ಲವರು ಅವರೊಬ್ಬರೇ.

ಅವರು ಕೈ ಒರೆಸಿಕೊಂಡು ಹಾಳೆ ಹಿಡಿದರು. ಒಳಗಿನಿಂದ ಮಗಳು "ಮಮ್ಮಿ, ಕೌನ್ ಆಯಾ ಹೈ?" ಎಂದು ಬಂದದ್ದು ಯಾರೆಂದು ಕೇಳಿದಳು. ಅವರು ಹಾಳೆಯಿಂದ ಕಣ್ಣು ತೆಗೆಯಲಿಲ್ಲ.

"ಇದು ಯಾವಾಗ?"

"ಗುರುವಾರರಿ. ಗಾಡಿಯಾಗ."

"ನೀವು ಅಲ್ಲೇ ಇದ್ದಿರಾ?"

"ಇದ್ದೆರಿ."

ಅವರು ಕುರ್ಚಿಯ ತುದಿಯಲ್ಲಿ ಕೂತರು. "ಎಷ್ಟು ಸರಿಯಾಗಿ ತೆಗೆದಿದ್ದೀರಿ" ಎಂದರು. ಹೊಗಳಿಕೆಯ ದನಿಯಾಗಿರಲಿಲ್ಲ. "ನಾನು ಹೀಗೆ ನಿಲ್ಲುವುದು ಯಾರಿಗೂ ಗೊತ್ತಿಲ್ಲ ಅಂತ ಇದ್ದೆ. ಮನೆಯಲ್ಲಿ ಸಹ ಹೀಗೆ ನಿಲ್ಲುವುದಿಲ್ಲ ನಾನು. ನನ್ನನ್ನು ಒಂದು ಮಾತು ಕೇಳಬೇಕು ಅಂತ ಕಾಣಲಿಲ್ಲವಾ?"

"ಕೇಳಿದ್ರ ನೀವು ನೆಟ್ಟಗ ನಿಲ್ತಿದ್ರಿ ಅಕ್ಕಾರ."

"ನಿಲ್ಲುತ್ತಿದ್ದೆ" ಎಂದರು. "ಅದು ನನ್ನ ಇಷ್ಟ ಅಲ್ಲವಾ?"

ಹಗ್ಗಜಗ್ಗಾಟದ ಹುಡುಗಿಯ ಪುಸ್ತಕಕ್ಕೆಂದು ಅದನ್ನು ಸಂಪಾದಕಿಗೆ ಕಳಿಸಿದ್ದನ್ನೂ ಹೇಳಿದೆ. ಅವರು ಹಾಳೆಯನ್ನು ಮಡಚದೆ, ಹರಿಯದೆ, ಟೀವಿಯ ಹಿಂದೆ ಗೋಡೆಗೆ ಮುಖ ಮಾಡಿ ನಿಲ್ಲಿಸಿದರು. "ಊಟ ಮಾಡಿ ಹೋಗಿ" ಎಂದರು. ಬಡಿಸಿದರು. ನನ್ನ ಮುಖ ನೋಡದೆ ಎರಡನೇ ಸಲವೂ ಸಾರು ಹಾಕಿದರು. ಒಂದು ಅಗುಳನ್ನೂ ಎಲೆಯಲ್ಲಿ ಬಿಡಲು ನನಗೆ ಧೈರ್ಯವಾಗಲಿಲ್ಲ.

ರಸ್ತೆಗೆ ಬಂದು ರಿಕ್ಷಾಗಳ ನಡುವೆ ನಿಂತು ಸಂಪಾದಕಿಗೆ ಫೋನು ಮಾಡಿದೆ. ಎರಡೂ ಚಿತ್ರ ಬಳಸಬೇಡಿ ಎಂದೆ.

"ಯಾಕೆ? ಫೈನಲ್ ಆಗಿದೆಯಲ್ಲ!"

"ಅದು ಕದ್ದ ಚಿತ್ರರಿ."

ಆಕೆ ಯಾವುದೋ ಪುಸ್ತಕ ನೋಡಿ ನಕಲು ಮಾಡಿದ್ದೇನೆಂದು ತಿಳಿದಿರಬೇಕು. "ಸೋಮವಾರ ಮಧ್ಯಾಹ್ನ ಕೊನೆ. ಅದಾದ್ಮೇಲೆ ನನ್ನ ಕೈಲಿಲ್ಲ ಮೇಡಂ" ಎಂದು ಇಟ್ಟುಬಿಟ್ಟಳು.

ವಾಪಸು ತೆಗೆದುಕೊಂಡೆ ಎಂದು ವಸಂತಕ್ಕನಿಗೆ ಮೆಸೇಜು ಕಳಿಸಿದೆ. ಓದಿದ ಗುರುತು ನೀಲಿಯಾಗಿ ಬಂತು, ಉತ್ತರ ಬರಲಿಲ್ಲ. ಪುಸ್ತಕ ಹೋಯಿತು ಎನ್ನುವುದಕ್ಕಿಂತ ಆ ಮಾರಾಯ್ತಿ ಎಂಬ ಶಬ್ದ ಹೋಯಿತಲ್ಲ ಎಂದೇ ಹೆಚ್ಚು ಸಂಕಟವಾಯಿತು. ಅಪರಿಚಿತ ಊರಿನಲ್ಲಿ ಒಬ್ಬಳೇ ಇರುವುದು ಬೇರೆ. ಇದ್ದ ಒಬ್ಬರನ್ನು ಕೈಯಾರೆ ಕಳೆದುಕೊಂಡು ಒಬ್ಬಳೇ ಇರುವುದು ಬೇರೆ. ನಾನು ಅತ್ತೆ.

ಡೊಂಬಿವಲಿ, ಎರಡನೇ ರವಿವಾರ

ಮಕ್ಕಳ ಪುಸ್ತಕಕ್ಕೆ ನನ್ನ ಚಿತ್ರ ಒಪ್ಪಿಗೆಯಾಯಿತು. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಈ ಕಥನದಲ್ಲಿ ಅದು ದೊಡ್ಡ ವಿಷಯವಲ್ಲ. "ಮೊದಲನೇದೇ ಚೆನ್ನಾಗಿತ್ತು, ಆದ್ರೆ ಇವಳು ನಿಜವಾಗ್ಲೂ ಎಳೀತಿದ್ದಾಳೆ" ಎಂದು ಸೋಮವಾರ ಸಂಪಾದಕಿ ಬರೆದಳು.

ರವಿವಾರ ನನ್ನ ಪಾಳಿ. ವಸಂತಕ್ಕ ಬರುವುದಿಲ್ಲ ಎಂದೇ ತಿಳಿದು ಹೋಗಿ ಎಲ್ಲರ ಎದುರು ಕೂತೆ. ಐದು ಜೊತೆ ಕಣ್ಣುಗಳು ತಲೆಯಿಂದ ಪಾದಕ್ಕೆ, ಪಾದದಿಂದ ತಲೆಗೆ ಓಡಾಡಿದವು. ಮೂಗು ತುರಿಸಿತು. ಕೈ ಎಲ್ಲಿಡಬೇಕೆಂದು ತಿಳಿಯಲಿಲ್ಲ. ಇಷ್ಟು ವರ್ಷ ನೋಡುವುದೇ ನನ್ನ ಕಸುಬಾಗಿತ್ತು, ನೋಡಿಸಿಕೊಂಡದ್ದು ಅದೇ ಮೊದಲು. ಮುಗಿಯುವ ಹೊತ್ತಿಗೆ ವಸಂತಕ್ಕ ಬಂದರು. ಹೆಗಲ ಮೇಲೆ ಆ ಸೊಸೈಟಿಯ ಕಾವಲುಗಾರನಿಂದ ಕೇಳಿ ತಂದ ನೀರಿನ ಟ್ಯಾಂಕಿನ ಹಗ್ಗ.

ನನ್ನನ್ನು ನೋಡದೆ ಸಾಠೆ ಸರ್‌ಗೆ ಹೇಳಿದರು. "ಇವರ ಪುಸ್ತಕದಲ್ಲಿ ಒಬ್ಬಳು ಹುಡುಗಿ ಹಗ್ಗ ಎಳೆಯುವುದಂತೆ. ಇವರು ನಾನು ನಿಂತದ್ದನ್ನು ನೋಡಿದ್ದಾರೆ. ಎಳೆದದ್ದನ್ನು ನೋಡಿಲ್ಲ." ಆಮೇಲೆ ನನ್ನ ಕಡೆ ತಿರುಗಿದರು. "ಶಾಲೆಯಲ್ಲಿ ಹಗ್ಗದ ತುದಿಗೆ ನಾನೇ ಕೊನೆಯವಳು. ಮೂರು ವರ್ಷ ನಮ್ಮ ಟೀಮನ್ನು ಯಾರೂ ಅಲ್ಲಾಡಿಸಿಲ್ಲ, ಗೊತ್ತುಂಟಾ?"

ಸೆರಗು ಸಿಕ್ಕಿಸಿ, ಚಪ್ಪಲಿ ಕಳಚಿ, ಹಗ್ಗವನ್ನು ಬೆನ್ನಿನ ಸುತ್ತ ತಂದು ಕಂಕುಳಲ್ಲಿ ಹಿಡಿದರು. ಇತ್ತಲಿನ ತುದಿಗೆ ಡಾಕ್ಟರು, ಬ್ಯಾಂಕಿನವರು, ಇಬ್ಬರು ಹುಡುಗಿಯರು. ನಾನು ಪೆನ್ಸಿಲ್ ಹಿಡಿದು ದೂರ ನಿಂತೆ.

"ಅಹೋ ಬಾಯಿ, ಕಣ್ಣೀಲೆ ಎಷ್ಟ ನೋಡ್ತೀರಿ? ಕೈ ಹಚ್ರಿ" ಎಂದು ಸಾಠೆ ಸರ್ ನನ್ನ ಪೆನ್ಸಿಲ್ ಕಸಿದುಕೊಂಡರು.

ಎಲ್ಲರ ಮುಂದೆ ನಿಂತು ಹಗ್ಗ ಹಿಡಿದೆ. ವಸಂತಕ್ಕ ನಾಲ್ಕು ಮಾರು ದೂರದಲ್ಲಿ, ಎದುರಾಬದುರಾ. ಸರ್ ಕೈ ಬೀಸಿದರು. ನಾವು ಎಳೆದೆವು. ಅವರು ಎಳೆಯಲಿಲ್ಲ, ಹಿಂದಕ್ಕೆ ಒರಗಿದರು ಅಷ್ಟೇ. ಹಿಮ್ಮಡಿ ನೆಲಕ್ಕೆ ಊರಿತು, ಮೊಣಕಾಲು ಅರ್ಧ ಮಡಿಯಿತು, ಸೊಂಟ ಕೆಳಗಿಳಿಯಿತು. ಇಡೀ ಮೈ ಹಗ್ಗದ ಗುಂಟ ನನ್ನ ಅಂಗೈಗೆ ಬಂದು ತಾಗಿತು. ಆ ಭಾರದಲ್ಲಿ ಪಾಪ ಎನ್ನುವಂಥದ್ದು ಏನೂ ಇರಲಿಲ್ಲ. ಅವರು ಒಂದು ಹೆಜ್ಜೆ ಹಿಂದೆ ಇಟ್ಟರು. ಟೈಲ್ಸಿನ ಮೇಲೆ ನಾವು ಐವರೂ ಜಾರಿದೆವು. ಇನ್ನೊಂದು ಹೆಜ್ಜೆ. ನಾನು ಅವರ ಕಾಲ ಬುಡಕ್ಕೆ ಬಂದು ಬಿದ್ದೆ. ಅವರು ನಗುತ್ತಿದ್ದರು, ಉಸಿರು ಹತ್ತಿ, ಬೆವರಿ, ಬಾಯ್ತುಂಬ ನಗುತ್ತಿದ್ದರು.

"ಏಳು ಮಾರಾಯ್ತಿ" ಎಂದು ಕೈ ಕೊಟ್ಟು ಎಬ್ಬಿಸಿದರು.

ಮತ್ತೆ ನಾಲ್ಕು ಸಲ ಎಳೆದರು, ನಾನು ನಾಲ್ಕು ಹಾಳೆ ಬಿಡಿಸಿದೆ. ಅಂಗೈ ಉರಿಯುತ್ತಿದ್ದರಿಂದ ಗೆರೆ ಅಲ್ಲಲ್ಲಿ ನಡುಗಿತು. ಆದರೆ ತೂಕ ಎಲ್ಲಿದೆಯೆಂದು ಕೈಗೇ ಗೊತ್ತಿತ್ತು. ಮುಗಿದ ಮೇಲೆ ಒಂದೊಂದೇ ಹಾಳೆ ಅವರ ಎದುರು ಇಟ್ಟೆ. ಎಲ್ಲದರಲ್ಲೂ ಮುಖದ ಜಾಗ ಖಾಲಿ ಬಿಟ್ಟಿದ್ದೆ.

"ಮುಖ ಯಾಕೆ ಹಾಕಲಿಲ್ಲ?"

"ಅದು ನಿಮ್ದರಿ. ಪುಸ್ತಕಕ್ಕ ಬ್ಯಾರೆ ಹುಡುಗೀ ಮುಖ ಹಾಕ್ತೀನಿ."

ಅವರು ಮೂರನೇ ಹಾಳೆಯನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದರು. ಆಮೇಲೆ, ಉಳಿದವರಿಗೆ ಕೇಳದ ಹಾಗೆ, ನನ್ನ ಹತ್ತಿರ ಬಂದು ಹೇಳಿದರು.

"ನನ್ನ ಆ ವಯಸ್ಸಿನ ಒಂದೇ ಒಂದು ಫೋಟೋ ಇಲ್ಲ. ಫೋಟೋ ತೆಗೆಯುವಾಗ ನಾನು ಹಿಂದೆ ಹೋಗಿ ಅಡಗುತ್ತಿದ್ದೆ. ಕಪ್ ಗೆದ್ದ ದಿನದ್ದು ಸಹ ಇಲ್ಲ, ಬರೇ ನನ್ನ ಮೊಣಕೈ ಉಂಟು. ನನ್ನ ಮಗಳು ಕೇಳುತ್ತಾಳೆ, ನೀನು ಸಣ್ಣದಿರುವಾಗ ಹೇಗಿದ್ದಿ ಅಂತ. ನಾನು ಎಂತ ತೋರಿಸುವುದು?" ಎಂದು ಕುರ್ಚಿ ಎಳೆದುಕೊಂಡು ನನ್ನ ಎದುರು ಕೂತರು. ಗಲ್ಲ ಎತ್ತಿ, ಕಣ್ಣು ತಪ್ಪಿಸದೆ, ಮುಖವನ್ನು ಬೆಳಕಿಗೆ ಕೊಟ್ಟರು. "ನೋಡಿ ಹೇಳಿ, ಹನ್ನೆರಡು ವರ್ಷದಲ್ಲಿ ನಾನು ಹೇಗಿದ್ದಿರಬಹುದು? ಅದನ್ನು ಹಾಕಿ."

ನನ್ನ ಕಣ್ಣು ತುಂಬಿ ಹಾಳೆ ಮಸುಕಾಯಿತು. ಒರೆಸಿಕೊಂಡು ಪೆನ್ಸಿಲ್ ಹಿಡಿದೆ.

"ಮೇಲಿನ ಒಂದು ಹಲ್ಲು ಅಡ್ಡ ಬಂದಿತ್ತು. ಆಮೇಲೆ ಕೀಳಿಸಿದ್ದು" ಎಂದರು. "ಅದನ್ನು ಸರಿ ಮಾಡಬೇಡಿ."